ಮುಟ್ಟಿ ನೋಡುವ ಪುಸ್ತಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕೈಯಿಂದ ಮಾಡುವ ಕಲಾವಿದರ ಪುಸ್ತಕಗಳ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಕೇಳಿದ್ದೇ ತಡ, ಪತ್ರಗಳು ರಾಶಿ ಬಿದ್ದವು. ಅರ್ಧಕ್ಕರ್ಧ ಅಂಟು, ರಟ್ಟು, ದಾರದ ಗೋಳು. ಉಳಿದವು ಪ್ರದರ್ಶನದ ಗೋಳು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು ಬರೆದ ಇಪ್ಪತ್ತು ಚಿತ್ರಗಳನ್ನು ಒಂದು ನೋಟ್‌ಬುಕ್ಕಿಗೆ ಅಂಟಿಸಿ ಚೆಂದದ ರಟ್ಟು ಹಾಕಿದ್ದೇನೆ. ಗೆಳತಿ ನೋಡಿ "ಇದು ಆಲ್ಬಮ್ ಕಣೇ, ಆರ್ಟಿಸ್ಟ್ ಬುಕ್ ಅಲ್ಲ" ಅಂದಳು. ವ್ಯತ್ಯಾಸ ಏನು ಮೇಡಂ?

ಗೆಳತಿಯ ಮೇಲೆ ಮುನಿಸು ಬೇಡ, ಅವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ನಾನು ಇದಕ್ಕೆ ಒಂದು ಸುಲಭದ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ಇಪ್ಪತ್ತು ಚಿತ್ರಗಳನ್ನೂ ಬಿಡಿಸಿ ಗೋಡೆಗೆ ಸಾಲಾಗಿ ಹಾಕಿ. ಏನಾದರೂ ಕಳೆದುಹೋಯಿತಾ? ಏನೂ ಕಳೆಯಲಿಲ್ಲ ಅಂದರೆ ಪುಸ್ತಕ ಅಲ್ಲಿ ಬರೀ ಚೀಲದ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಮುಂದಿನ ಪುಟದಲ್ಲಿ ಏನಿದೆಯೋ ಅನ್ನುವ ಕಾಯುವಿಕೆ, ತಿರುಗಿಸಿದ ಮೇಲೆ ಹಿಂದಿನದು ಮರೆಯಾಗುವುದು, ಕಾಗದದ ಸದ್ದು, ಕೈಯಲ್ಲಿ ಹಿಡಿದಾಗಿನ ತೂಕ, ಇವುಗಳಲ್ಲಿ ಒಂದಾದರೂ ನಿಮ್ಮ ಕೆಲಸಕ್ಕೆ ಬೇಕೇ ಬೇಕು ಅನ್ನಿಸಿದರೆ ಆಗ ಅದು ಪುಸ್ತಕವಾಗಿಯೇ ಹುಟ್ಟಿದೆ.

ಇದು ಹೊಸ ಹುಚ್ಚೇನೂ ಅಲ್ಲ. ಇಂಗ್ಲೆಂಡಿನ ಕವಿ ವಿಲಿಯಂ ಬ್ಲೇಕ್ 1789ರಲ್ಲೇ ತನ್ನ ಹಾಡುಗಳನ್ನೂ ಚಿತ್ರಗಳನ್ನೂ ಒಂದೇ ತಾಮ್ರದ ತಗಡಿನ ಮೇಲೆ ಮೂಡಿಸಿ, ತಾನೇ ಅಚ್ಚು ಹಾಕಿ, ಹೆಂಡತಿ ಕ್ಯಾಥರೀನ್ ಜೊತೆ ಸೇರಿ ಕೈಯಲ್ಲೇ ಬಣ್ಣ ತುಂಬುತ್ತಿದ್ದ. ಬರೆದವನು, ಚಿತ್ರ ಮಾಡಿದವನು, ಅಚ್ಚಿನವನು ಎಲ್ಲ ಒಬ್ಬನೇ. ಇನ್ನೊಂದು ತುದಿಯಲ್ಲಿ ಅಮೆರಿಕದ ಕಲಾವಿದ ಎಡ್ ರುಶೇ ಇದ್ದಾನೆ. 1963ರಲ್ಲಿ ಅವನು ಇಪ್ಪತ್ತಾರು ಪೆಟ್ರೋಲ್ ಬಂಕುಗಳ ಸಪ್ಪೆ ಫೋಟೋಗಳನ್ನು ಸಾದಾ ಪುಸ್ತಕ ಮಾಡಿದ. ಕೈಕೆಲಸದ ಗಂಧವೂ ಅದರಲ್ಲಿಲ್ಲ, ಎಲ್ಲ ಮಾಮೂಲಿ ಆಫ್‌ಸೆಟ್ ಅಚ್ಚು. ಆದರೂ ಒಂದಾದ ಮೇಲೊಂದು ಬಂಕು ನೋಡುತ್ತಾ ಹೋಗುವ ಆ ಪಯಣ ಪುಟ ತಿರುಗಿಸಿದರೆ ಮಾತ್ರ ಆಗುತ್ತದೆ. ಹಾಗಾಗಿ ಎರಡೂ ನಮ್ಮ ವಂಶದವೇ.

ನಿಮ್ಮ ಆಲ್ಬಮ್ಮನ್ನು ಬಿಸಾಡಬೇಡಿ. ಚಿತ್ರಗಳ ಕ್ರಮ ಬದಲಿಸಿ ನೋಡಿ, ನಡುನಡುವೆ ಖಾಲಿ ಪುಟ ಬಿಡಿ, ಒಂದು ಚಿತ್ರವನ್ನು ಅರ್ಧ ಕತ್ತರಿಸಿ ಹಿಂದಿನ ಪುಟದಿಂದ ಇಣುಕುವ ಹಾಗೆ ಮಾಡಿ. ಅಲ್ಲಿಂದ ಶುರುವಾಗುತ್ತದೆ.

ಪ್ರಶ್ನೆ: ರಟ್ಟು ಹಾಕಿ ಒಣಗಿಸಿದ ಮಾರನೇ ದಿನಕ್ಕೆ ಪುಸ್ತಕ ಹಪ್ಪಳದಂತೆ ಸೊಟ್ಟಗಾಗುತ್ತದೆ. ಪುಟಗಳನ್ನು ಮಡಿಸಿದ ಕಡೆ ಕಾಗದ ಬಿರುಕು ಬಿಡುತ್ತದೆ. ಒಳ್ಳೆಯ ಕಾಗದವನ್ನೇ ತಂದಿದ್ದೇನೆ. ಎಲ್ಲಿ ತಪ್ಪುತ್ತಿದೆ?

ಈ ಸಲ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಕಾಗದದ ತಪ್ಪಲ್ಲ, ಅದರ ದಿಕ್ಕಿನ ತಪ್ಪು. ನಾನು ಮೊದಲ ಎರಡು ವರ್ಷ ಇದನ್ನು ತಿಳಿಯದೆ ಎಷ್ಟು ರಟ್ಟು ಹಾಳು ಮಾಡಿದ್ದೇನೋ ಲೆಕ್ಕವಿಲ್ಲ.

ಯಂತ್ರದಲ್ಲಿ ತಯಾರಾಗುವ ಕಾಗದದಲ್ಲಿ ನಾರಿನ ಎಳೆಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಇದಕ್ಕೆ ಗ್ರೇನ್ ಅನ್ನುತ್ತಾರೆ. ರಟ್ಟಿಗೂ ಇರುತ್ತದೆ, ಬೈಂಡಿಂಗ್ ಬಟ್ಟೆಗೂ ಇರುತ್ತದೆ. ಎಳೆ ಮಲಗಿದ ದಿಕ್ಕಿಗೇ ಮಡಿಸಿದರೆ ಕಾಗದ ಸಲೀಸಾಗಿ ಮಡಚಿಕೊಳ್ಳುತ್ತದೆ. ಅಡ್ಡಕ್ಕೆ ಮಡಿಸಿದರೆ ಎಳೆಗಳು ಮುರಿಯಬೇಕಾಗುತ್ತದೆ, ಅದೇ ನಿಮ್ಮ ಬಿರುಕು. ಇನ್ನು ಒದ್ದೆಯಾದಾಗ ನಾರಿನ ಎಳೆ ಉದ್ದಕ್ಕೆ ಬೆಳೆಯುವುದಕ್ಕಿಂತ ದಪ್ಪಕ್ಕೆ ಉಬ್ಬುವುದೇ ಜಾಸ್ತಿ. ಹಾಗಾಗಿ ಅಂಟು ಹಚ್ಚಿದ ಕಾಗದ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ರಟ್ಟನ್ನೂ ಜೊತೆಗೆ ಎಳೆಯುತ್ತದೆ. ರಟ್ಟಿನ ಎಳೆ ಒಂದು ಕಡೆ, ಕಾಗದದ ಎಳೆ ಇನ್ನೊಂದು ಕಡೆ ಇದ್ದರೆ ಕೇಳುವುದೇ ಬೇಡ, ಪುಸ್ತಕ ತಿರುಚಿಕೊಳ್ಳುತ್ತದೆ.

ನಿಯಮ ಒಂದೇ: ಪುಟ, ರಟ್ಟು, ಮೇಲಿನ ಹೊದಿಕೆ, ಒಳಗೆ ಅಂಟಿಸುವ ಹಾಳೆ, ಎಲ್ಲದರ ಎಳೆಯೂ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಲಿ.

ಎಳೆಯ ದಿಕ್ಕು ಕಂಡುಹಿಡಿಯಲು ಯಾವ ಯಂತ್ರವೂ ಬೇಡ. ಹಾಳೆಯನ್ನು ಮಡಿಕೆ ಬೀಳದಂತೆ ಮೆಲ್ಲಗೆ ಬಾಗಿಸಿ, ಅಂಗೈಯಿಂದ ಒತ್ತಿ ನೋಡಿ. ಆಮೇಲೆ ಇನ್ನೊಂದು ದಿಕ್ಕಿಗೆ ಬಾಗಿಸಿ. ಎತ್ತ ಬಾಗಿಸಿದಾಗ ಕೈಗೆ ಕಡಿಮೆ ಎದುರೊತ್ತು ಸಿಗುತ್ತದೋ ಆ ಮಡಿಕೆಯ ಗೆರೆಯ ಉದ್ದಕ್ಕೇ ಎಳೆ ಇದೆ. ಅನುಮಾನ ಇದ್ದರೆ ಒಂದು ಚೌಕದ ತುಂಡು ಕತ್ತರಿಸಿ ಒಂದು ಮೈಗೆ ನೀರು ಸವರಿ, ಅದು ತಾನೇ ಸುರುಳಿ ಸುತ್ತಿಕೊಳ್ಳುತ್ತದೆ. ಆ ಸುರುಳಿ ಕೊಳವೆ ಎತ್ತ ಉದ್ದವೋ ಅತ್ತ ಎಳೆ. ಹರಿದೂ ನೋಡಬಹುದು, ಎಳೆಯ ದಿಕ್ಕಿಗೆ ನೆಟ್ಟಗೆ ಹರಿಯುತ್ತದೆ, ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟ. ಕೈಯಲ್ಲಿ ಮಾಡಿದ ಕಾಗದದಲ್ಲಿ ಎಳೆಗಳು ಎಲ್ಲ ದಿಕ್ಕಿಗೂ ಚೆದುರಿರುವುದರಿಂದ ಈ ತಲೆನೋವು ಹೆಚ್ಚುಕಡಿಮೆ ಇಲ್ಲ.

ಒಂದು ಮಾತು ನೆನಪಿಡಿ. ನಮಗೆ ಸಿಗುವ ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ ಉದ್ದ ಬದಿಗೆ ಇರುತ್ತದೆ. ಅದನ್ನು ಅರ್ಧಕ್ಕೆ ಮಡಿಸಿ ಪುಟ್ಟ ಪುಸ್ತಕ ಮಾಡಿದರೆ ಎಳೆ ಬೆನ್ನಿಗೆ ಅಡ್ಡ ಬರುತ್ತದೆ, ಅಂದರೆ ತಪ್ಪು ದಿಕ್ಕು. ಉಪಾಯ ಇದೆ: ಉದ್ದಕ್ಕೆ ಎಳೆ ಇರುವ ಎ3 ತಂದು ಮಧ್ಯಕ್ಕೆ ಕತ್ತರಿಸಿ. ಸಿಗುವ ಎರಡು ಎ4 ತುಂಡುಗಳಲ್ಲಿ ಎಳೆ ಗಿಡ್ಡ ಬದಿಗೆ ಇರುತ್ತದೆ, ಮಡಿಸಿದರೆ ಸರಿಯಾಗಿ ಬೆನ್ನಿನ ಉದ್ದಕ್ಕೇ ಬರುತ್ತದೆ.

ಇಷ್ಟಾದರೂ ರಟ್ಟು ಹೊರಮುಖವಾಗಿ ಬಾಗಿದರೆ, ಒಳಮೈಗೆ ಅಂಟಿಸಿದ ಹಾಳೆ ತೀರಾ ತೆಳು ಇರಬೇಕು. ಹೊರಗಿನ ಹೊದಿಕೆ ಎಳೆಯುವಷ್ಟೇ ಬಲದಲ್ಲಿ ಒಳಗಿನದೂ ಎಳೆಯಬೇಕು, ಹಗ್ಗಜಗ್ಗಾಟದ ಹಾಗೆ. ಮತ್ತೆ ಒಂದು ರಾತ್ರಿ ಭಾರ ಇಟ್ಟರೆ ಸಾಕು ಅಂದುಕೊಳ್ಳಬೇಡಿ. ಮೇಲೆ ಒಣಗಿದಂತೆ ಕಂಡರೂ ರಟ್ಟಿನ ಒಳಗೆ ತೇವ ಕುಳಿತಿರುತ್ತದೆ. ನಡುವೆ ನೀರು ಹೀರುವ ಹಾಳೆ ಇಟ್ಟು, ಅದನ್ನು ಆಗಾಗ ಬದಲಿಸುತ್ತಾ ಎರಡು ಮೂರು ದಿನ ಭಾರದ ಕೆಳಗೆ ಬಿಡಿ. ತಾಳ್ಮೆ ಇಲ್ಲದವರಿಗೆ ಈ ಕೆಲಸ ಆಗಿಬರುವುದಿಲ್ಲ ಅಂತ ನನ್ನ ಗುರುಗಳು ಬೈಯುತ್ತಿದ್ದರು, ನನ್ನನ್ನೇ ನೋಡಿಕೊಂಡು.

ಪ್ರಶ್ನೆ: ಬಿಳಿ ಅಂಟೋ, ಹಿಟ್ಟಿನ ಅಂಟೋ?

ಎರಡೂ ಇಟ್ಟುಕೊಳ್ಳಿ. ಬಿಳಿ ಅಂಟು, ಅಂದರೆ ಪಿವಿಎ, ಬೇಗ ಒಣಗುತ್ತದೆ, ನೀರಿನಂಶ ಕಡಿಮೆ, ಒಣಗಿದ ಮೇಲೂ ಬಾಗುತ್ತದೆ, ಹಾಗಾಗಿ ಬೆನ್ನಿಗೆ ಒಳ್ಳೆಯದು. ಆದರೆ ಒಮ್ಮೆ ಕೂತರೆ ಕೂತಿತು, ಬಿಡಿಸುವ ಹಾಗಿಲ್ಲ. ಗೋಧಿ ಹಿಟ್ಟಿನಿಂದ ಕಾಯಿಸಿದ ಅಂಟು ನಿಧಾನಕ್ಕೆ ಒಣಗುತ್ತದೆ, ಹಾಳೆಯನ್ನು ಅತ್ತಿತ್ತ ಸರಿಸಿ ಕೂರಿಸಲು ಸಮಯ ಕೊಡುತ್ತದೆ, ಮುಂದೆ ಯಾರಾದರೂ ರಿಪೇರಿ ಮಾಡಬೇಕಾದರೆ ನೀರು ತಾಗಿಸಿ ಬಿಡಿಸಬಹುದು. ದೊಡ್ಡ ಹಾಳೆ ಅಂಟಿಸುವಾಗ ನಾನು ಎರಡನ್ನೂ ಬೆರೆಸುತ್ತೇನೆ. ಹಿಟ್ಟಿನ ಅಂಟನ್ನು ಬೇಕಾದಷ್ಟೇ ಕಾಯಿಸಿ. ಉಳಿಸಿಟ್ಟರೆ ಹುಳಿ ವಾಸನೆ ಬರುತ್ತದೆ, ಬೂಸು ಹಿಡಿಯುತ್ತದೆ.

ಪ್ರಶ್ನೆ: ಪುಸ್ತಕಕ್ಕೆ ಯಾವ ಹೊಲಿಗೆ ಹಾಕಲಿ? ಕಾಪ್ಟಿಕ್ ಹೊಲಿಗೆ ಕಲಿತಿದ್ದೇನೆ, ಎಲ್ಲದಕ್ಕೂ ಅದನ್ನೇ ಹಾಕುತ್ತಿದ್ದೇನೆ.

ಹೊಸ ಹೊಲಿಗೆ ಕಲಿತಾಗ ಹಾಗೇ ಆಗುತ್ತದೆ, ನಾನೂ ಮಾಡಿದ್ದೇನೆ. ಆದರೆ ಮೊದಲು ಕೇಳಿಕೊಳ್ಳಬೇಕಾದ್ದು ಪುಸ್ತಕ ಹೇಗೆ ತೆರೆಯಬೇಕು ಅಂತ. ಎರಡು ಪುಟ ಸೇರಿ ಒಂದೇ ಚಿತ್ರ ಇದೆಯಾ? ಆಗ ಚಪ್ಪಟೆಯಾಗಿ ಬಿಚ್ಚಿಕೊಳ್ಳುವ ಕಾಪ್ಟಿಕ್ ಸರಿ, ಬೆನ್ನಿನ ಮೇಲಿನ ಜಡೆಯಂಥ ಹೊಲಿಗೆಯೂ ನೋಡಲು ಚೆಂದ. ಆದರೂ ಒಂದು ಕಟ್ಟಿನಿಂದ (ಮಡಿಸಿ ಒಂದರೊಳಗೊಂದು ಇಟ್ಟ ಹಾಳೆಗಳ ಗುಂಪಿನಿಂದ) ಮುಂದಿನ ಕಟ್ಟಿಗೆ ದಾಟುವ ಪುಟಗಳ ನಡುವೆ ಸಣ್ಣ ಸಂದಿ ಕಾಣುತ್ತದೆ, ಮುಖ್ಯ ಚಿತ್ರವನ್ನು ಅಲ್ಲಿಗೆ ಇಡಬೇಡಿ, ಕಟ್ಟಿನ ನಡುಮಧ್ಯದ ಹಾಳೆಗೆ ಇಡಿ. ಜಪಾನಿ ಪಕ್ಕಹೊಲಿಗೆಯಲ್ಲಿ ಬಿಡಿ ಹಾಳೆಗಳನ್ನೂ ಹೊಲಿಯಬಹುದು, ಆದರೆ ಅದು ಪೂರ್ತಿ ತೆರೆಯುವುದಿಲ್ಲ, ಬೆನ್ನಿನ ಕಡೆ ಎರಡು ಮೂರು ಸೆಂಟಿಮೀಟರ್ ನುಂಗಿಬಿಡುತ್ತದೆ. ಮೃದುವಾದ ತೆಳು ಕಾಗದಕ್ಕೆ ಸೊಗಸು, ಗಡಸು ಕಾಗದಕ್ಕೆ ಹಾಕಿದರೆ ಪುಸ್ತಕ ಬಾಯಿ ಬಿಡುವುದೇ ಇಲ್ಲ.

ಒಂದೇ ಕಟ್ಟಿನ ತೆಳು ಪುಸ್ತಕಕ್ಕೆ ಮೂರು ತೂತಿನ ಹೊಲಿಗೆ ಧಾರಾಳ ಸಾಕು. ಇದನ್ನು ಕೀಳಾಗಿ ನೋಡುವವರಿದ್ದಾರೆ. ನನಗೆ ಗೊತ್ತಿರುವ ಹಲವು ಒಳ್ಳೆಯ ಪುಸ್ತಕಗಳಿಗೆ ಇಷ್ಟೇ ಹೊಲಿಗೆ ಇರುವುದು. ಇನ್ನು ಒಂದು ಉದ್ದದ ನೋಟ, ಒಂದು ಹಾದಿ, ಒಂದು ನದಿ ಹೇಳಬೇಕಿದ್ದರೆ ಹೊಲಿಗೆಯೇ ಬೇಡ, ಹಿಂದೆಮುಂದೆ ಮಡಿಸಿದ ಅಕಾರ್ಡಿಯನ್ ಮಡಿಕೆ ಸಾಕು.

ಪ್ರಶ್ನೆ: ಎರಡೂ ಮೈಗೆ ಪ್ರಿಂಟ್ ತೆಗೆದು ಮಡಿಸಿದರೆ 3ನೇ ಪುಟದ ಪಕ್ಕ 14ನೇ ಪುಟ ಬಂತು!

ಎಲ್ಲರಿಗೂ ಬರುತ್ತದೆ. ಖಾಲಿ ಹಾಳೆಗಳನ್ನು ಮಡಿಸಿ, ಒಂದರೊಳಗೊಂದು ಇಟ್ಟು, ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು, ಬಿಚ್ಚಿ ನೋಡಿ. ಯಾವ ಹಾಳೆಯ ಯಾವ ಮೈಗೆ ಏನು ಬರಬೇಕು ಅಂತ ಅದೇ ಹೇಳುತ್ತದೆ. ಪುಟಗಳ ಸಂಖ್ಯೆ 4ರ ಮಗ್ಗಿಯಲ್ಲಿರಲಿ. ಲೇಸರ್ ಪ್ರಿಂಟಿನ ಟೋನರ್ ಕಾಗದದ ಮೇಲ್ಮೈಯಲ್ಲೇ ಕೂತಿರುತ್ತದೆ, ಮಡಿಕೆಯ ಮೇಲೆ ದಟ್ಟ ಕಪ್ಪು ಬಂದರೆ ಉದುರುತ್ತದೆ, ಆ ಜಾಗ ತಪ್ಪಿಸಿ.

ಪ್ರಶ್ನೆ: ನನ್ನ ಪುಸ್ತಕದಲ್ಲಿ ಒಂದಕ್ಷರವೂ ಇಲ್ಲ, ಚಿತ್ರವೂ ಇಲ್ಲ. ಬರೀ ಬೇರೆ ಬೇರೆ ದಪ್ಪದ ಬಿಳಿ ಕಾಗದ. ಇದನ್ನು ತೋರಿಸಬಹುದಾ?

ಬೆರಳಿಗೆ ಓದಲು ಏನಾದರೂ ಇದ್ದರೆ ಖಂಡಿತ.

ಪ್ರಶ್ನೆ: ಅಜ್ಜಿ ಬರೆದ ಹಳೆಯ ಪತ್ರಗಳು ಸಿಕ್ಕಿವೆ. ಅವನ್ನೇ ಹೊಲಿದು ಪುಸ್ತಕ ಮಾಡಬೇಕು ಅಂತ ಆಸೆ. ಮನೆಯವರು ಬೇಡ ಅನ್ನುತ್ತಿದ್ದಾರೆ.

ಈ ಸಲ ನಾನು ಮನೆಯವರ ಪಕ್ಷ. ಹೊಲಿಗೆಗೆ ತೂತು ಹಾಕಬೇಕು, ಅಂಟು ತಾಗುತ್ತದೆ, ಪ್ರದರ್ಶನದಲ್ಲಿ ನೂರು ಕೈ ಮುಟ್ಟುತ್ತವೆ. ಹಳೆಯ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ, ಆಮ್ಲವೂ ಸೇರಿಕೊಂಡಿರುತ್ತದೆ, ಅದಕ್ಕೇ ಅದು ಹಳದಿಯಾಗಿ ಪುಡಿಪುಡಿ ಆಗುವುದು. ಪಕ್ಕದ ಒಳ್ಳೆಯ ಹಾಳೆಗೂ ಆ ಕಲೆ ದಾಟುತ್ತದೆ. ಒಂದೊಂದು ಪತ್ರವನ್ನೂ ಸ್ಕ್ಯಾನ್ ಮಾಡಿ, ಆಮ್ಲ ಇಲ್ಲದ ತೆಳು ಕಾಗದದ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಅದೇ ಅಳತೆಗೆ ಪ್ರಿಂಟ್ ತೆಗೆಯಿರಿ. ಅಜ್ಜಿ ಮಡಿಸಿದ ಹಾಗೇ ಮಡಿಸಿ, ಒಂದೊಂದನ್ನೂ ಒಂದೊಂದು ಲಕೋಟೆಯಲ್ಲಿಟ್ಟು ಆ ಲಕೋಟೆಗಳನ್ನು ಹೊಲಿಯಿರಿ. ನೋಡುವವರು ಪತ್ರವನ್ನು ಹೊರಗೆ ಎಳೆದು, ಬಿಡಿಸಿ, ಓದಿ, ಮತ್ತೆ ಮಡಿಸಿ ಒಳಗಿಡಬೇಕಾಗುತ್ತದೆ. ಬೇರೆಯವರ ಪತ್ರ ಓದುವಾಗಿನ ಆ ಸಣ್ಣ ಅಳುಕು ಇದೆಯಲ್ಲ, ಅದು ಬರುವುದು ಇದರಿಂದಲೇ. ಮೂಲ ಪತ್ರಗಳು ಪೆಟ್ಟಿಗೆಯಲ್ಲಿ ಕ್ಷೇಮವಾಗಿರಲಿ. ಮತ್ತೆ ಪತ್ರದಲ್ಲಿ ಹೆಸರು ಬರುವವರು ಯಾರಾದರೂ ಬದುಕಿದ್ದರೆ ಒಂದು ಮಾತು ಕೇಳಿ.

ಪ್ರಶ್ನೆ: ಎಷ್ಟು ಪ್ರತಿ ಮಾಡಬೇಕು? ನಂಬರ್ ಹಾಕಲೇಬೇಕಾ?

ನಿಮ್ಮ ಕೈ ಮತ್ತು ತಾಳ್ಮೆ ಎಷ್ಟು ತಡೆಯುತ್ತದೋ ಅಷ್ಟು. ಒಂದೇ ಪ್ರತಿ ಮಾಡಿದರೂ ತಪ್ಪಿಲ್ಲ. 1913ರಲ್ಲಿ ಕವಿ ಬ್ಲೇಸ್ ಸಾಂದ್ರಾರ್ ಮತ್ತು ಚಿತ್ರಕಾರ್ತಿ ಸೋನಿಯಾ ಡೆಲೋನೆ ಸೇರಿ ಒಂದು ರೈಲು ಪಯಣದ ಕವಿತೆಯನ್ನು ಬಿಚ್ಚಿದರೆ ಸುಮಾರು 2 ಮೀಟರ್ ಉದ್ದವಾಗುವ ಮಡಿಕೆ ಪುಸ್ತಕ ಮಾಡಿದರು. 150 ಪ್ರತಿ ಮಾಡುತ್ತೇವೆ, ಎಲ್ಲವನ್ನೂ ಒಂದರ ತುದಿಗೊಂದು ಇಟ್ಟರೆ ಐಫೆಲ್ ಗೋಪುರದಷ್ಟು ಎತ್ತರ ಆಗುತ್ತದೆ ಅಂತ ಸಾರಿದ್ದರು. ಅಷ್ಟು ಪ್ರತಿಗಳು ಕೊನೆಗೂ ಆಗಲೇ ಇಲ್ಲ. ಹತ್ತು ಪ್ರತಿ ಅಂತ ಘೋಷಿಸಿ ನಾಲ್ಕಕ್ಕೆ ಸುಸ್ತಾದಾಗ ನಾನು ಅವರನ್ನು ನೆನೆದುಕೊಳ್ಳುತ್ತೇನೆ, ಸ್ವಲ್ಪ ಸಮಾಧಾನ ಆಗುತ್ತದೆ.

ನಂಬರ್ ಹಾಕಿದರೆ ಮಾತಿಗೆ ತಪ್ಪಬೇಡಿ. 3/10 ಅಂದರೆ ಹತ್ತರಲ್ಲಿ ಮೂರನೆಯದು. ಚೆನ್ನಾಗಿ ಹೋಗುತ್ತಿದೆ ಅಂತ ಸದ್ದಿಲ್ಲದೆ ಹನ್ನೊಂದನೆಯದನ್ನು ಮಾಡುವಂತಿಲ್ಲ. ಬೇಕೇ ಬೇಕಾದರೆ ಎರಡನೇ ಆವೃತ್ತಿ ಅಂತ ಬರೆದು ಮಾಡಿ. ಹಾಕಲೇಬೇಕು ಅಂತೇನೂ ಇಲ್ಲ. ಆಗಲೇ ಹೇಳಿದ ರುಶೇ ತನ್ನ ಮೊದಲ 400 ಪ್ರತಿಗಳಿಗೆ ನಂಬರ್ ಹಾಕಿ, ಆಮೇಲೆ ಅದು ತಪ್ಪಾಯಿತು ಅಂದ. ಎಲ್ಲರ ಕೈಗೂ ಸಿಗುವ ಪುಸ್ತಕ ಅವನಿಗೆ ಬೇಕಿತ್ತು, ನಂಬರ್ ಬಿದ್ದ ಕೂಡಲೇ ಅದು ಬೀರುವಿನಲ್ಲಿಡುವ ವಸ್ತುವಾಗುತ್ತದೆ ಅಲ್ವಾ.

ಪ್ರಶ್ನೆ: ಮೊದಲ ಸಲ ಪ್ರದರ್ಶನಕ್ಕೆ ಪುಸ್ತಕ ಕೊಡುತ್ತಿದ್ದೇನೆ. ಗಾಜಿನ ಪೆಟ್ಟಿಗೆಯಲ್ಲಿ ಇಡಲಾ, ಮುಟ್ಟಲು ಬಿಡಲಾ? ಒಂದೇ ಪ್ರತಿ ಇದೆ, ಎಂಟು ತಿಂಗಳ ಕೆಲಸ. ಹೆದರಿಕೆ ಆಗುತ್ತಿದೆ.

ಹೆದರಿಕೆ ಸಹಜ. ನನ್ನ ಕತೆ ಹೇಳುತ್ತೇನೆ ಕೇಳಿ. ನನ್ನ ಒಂದು ಪುಸ್ತಕ ನಲವತ್ತು ಪುಟದ್ದು, ಕತ್ತಲಿಂದ ಬೆಳಕಿಗೆ ನಿಧಾನ ಬರುವಂಥದ್ದು. ಅದನ್ನು ಒಂದು ಗ್ಯಾಲರಿಯವರು ಗಾಜಿನೊಳಗೆ ಮಧ್ಯದ ಪುಟ ತೆರೆದಿಟ್ಟರು. ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ. ಜನ ಬಂದರು, ಬಗ್ಗಿದರು, ಒಂದು ಬೂದು ಬಣ್ಣದ ಪುಟ ನೋಡಿದರು, ಹೋದರು. ತಿಂಗಳು ಪೂರ್ತಿ ಮೇಲಿಂದ ದೀಪ ಬೇರೆ. ವಾಪಸ್ ತಂದು ನೋಡಿದರೆ ಆ ಎರಡು ಪುಟಗಳ ನೀಲಿ ಮಾತ್ರ ಮಾಸಿತ್ತು, ಹಿಂದಿನ ಮುಂದಿನ ಪುಟಗಳು ಹೊಸದರ ಹಾಗೇ ಇದ್ದವು. ಮುಟ್ಟದೆ ಇಟ್ಟರೂ ಹಾಳಾಯಿತು, ಯಾರೂ ಓದಲೂ ಇಲ್ಲ.

ಹಾಗಾಗಿ ನನ್ನ ಮೊದಲ ಸಲಹೆ, ಮುಟ್ಟಲೆಂದೇ ಇನ್ನೊಂದು ಪ್ರತಿ ಮಾಡಿ. ಅಷ್ಟೇ ಚೆಂದ ಇರಬೇಕಿಲ್ಲ. ಅದೇ ಅಳತೆ, ಅದೇ ದಪ್ಪದ ಕಾಗದ, ಅದೇ ಹೊಲಿಗೆ ಇದ್ದರೆ ಆಯಿತು, ಚಿತ್ರಗಳು ಪ್ರಿಂಟ್ ಇರಲಿ. ಮೂಲವನ್ನು ಗಾಜಿನೊಳಗೆ ಇಟ್ಟು, ಪಕ್ಕದಲ್ಲೇ ಇದನ್ನು ಮೇಜಿನ ಮೇಲೆ ಇಟ್ಟು, "ದಯವಿಟ್ಟು ಮುಟ್ಟಿ, ಪುಟ ತಿರುಗಿಸಿ" ಅಂತ ದೊಡ್ಡದಾಗಿ ಬರೆಯಿರಿ. ಗ್ಯಾಲರಿಗೆ ಬಂದವರಿಗೆ ಮುಟ್ಟಬಾರದು ಅನ್ನುವುದು ಎಷ್ಟು ಅಭ್ಯಾಸವಾಗಿದೆ ಎಂದರೆ, ಬರೆದು ಹಾಕದಿದ್ದರೆ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಾರೆ. ಮೊದಲ ಪುಟ ನೀವೇ ಅರ್ಧ ತೆರೆದಿಟ್ಟರೆ ಇನ್ನೂ ಒಳ್ಳೆಯದು, ಮುಚ್ಚಿದ ಪುಸ್ತಕವನ್ನು ತೆರೆಯಲು ಜನ ಹಿಂಜರಿಯುತ್ತಾರೆ. ಸಾಧ್ಯವಾದರೆ ಒಂದು ಕುರ್ಚಿ ಕೇಳಿ. ಕುರ್ಚಿ ಇದ್ದ ಕಡೆ ಪುಸ್ತಕ ಕೊನೆಯ ಪುಟದವರೆಗೂ ಓದಿಸಿಕೊಂಡಿದ್ದನ್ನು ಪ್ರತಿ ಸಲ ನೋಡಿದ್ದೇನೆ.

ಬಿಳಿ ಕೈಗವಸು ಇಡಿ ಅಂತ ಯಾರಾದರೂ ಹೇಳಿದರೆ ನಯವಾಗಿ ಬೇಡ ಅನ್ನಿ. ಹತ್ತಿಯ ಕೈಗವಸಿನಲ್ಲಿ ಬೆರಳಿಗೆ ಸ್ಪರ್ಶವೇ ತಿಳಿಯದೆ ಕಾಗದ ಹರಿಯುವುದು ಜಾಸ್ತಿ, ದೊಡ್ಡ ದೊಡ್ಡ ಗ್ರಂಥಾಲಯಗಳೂ ಈಗ ಕಾಗದದ ಪುಸ್ತಕಗಳಿಗೆ ತೊಳೆದು ಒರೆಸಿದ ಬರಿಗೈಯೇ ಮೇಲು ಅನ್ನುತ್ತವೆ. ಪಕ್ಕದಲ್ಲಿ ಕೈ ಒರೆಸಲು ಏನಾದರೂ ಇಡಿ, ಸಾಕು. ಕಾಫಿ ಲೋಟ ಮಾತ್ರ ಮೇಜಿನ ಹತ್ತಿರ ಬರಬಾರದು.

ಮೂಲ ಪ್ರತಿ ಗಾಜಿನೊಳಗೆ ಇಡುವಾಗ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟದಿರಲಿ. ನೀರುಬಣ್ಣ, ಮಾಸುವ ಇಂಕು ಇರುವ ಕಾಗದಕ್ಕೆ ಮ್ಯೂಸಿಯಂಗಳು ಇಟ್ಟುಕೊಳ್ಳುವ ಮಿತಿ ಇದು. ಬೆಳಕಿನ ಪೆಟ್ಟು ಲೆಕ್ಕದ ಪುಸ್ತಕದ ಸಾಲದ ಹಾಗೆ, ದಿನದಿನವೂ ಕೂಡುತ್ತಾ ಹೋಗುತ್ತದೆ, ಆಮೇಲೆ ಕತ್ತಲಲ್ಲಿ ಇಟ್ಟರೂ ಕಳೆಯುವುದಿಲ್ಲ. ವಾರಕ್ಕೊಮ್ಮೆ ಪುಟ ತಿರುಗಿಸಿ ಎಂದು ಗ್ಯಾಲರಿಯವರಿಗೆ ಮೊದಲೇ ಬರೆದು ಕೊಡಿ, ಬಾಯಿಮಾತಿನಲ್ಲಿ ಹೇಳಿದ್ದು ಎರಡನೇ ವಾರಕ್ಕೆ ಮರೆತುಹೋಗುತ್ತದೆ. ಬಿಗಿ ಬೆನ್ನಿನ ಪುಸ್ತಕವನ್ನು ಬಲವಂತವಾಗಿ 180 ಡಿಗ್ರಿ ಚಪ್ಪಟೆ ಮಾಡಲು ಬಿಡಬೇಡಿ. ಅದು ಸಲೀಸಾಗಿ ಎಷ್ಟು ತೆರೆಯುತ್ತದೋ ಅಷ್ಟಕ್ಕೇ ನಿಲ್ಲುವಂತೆ ರಟ್ಟಿನಲ್ಲಿ ಒಂದು ಇಳಿಜಾರು ತೊಟ್ಟಿಲು ನೀವೇ ಮಾಡಿ ಕಳಿಸಿ.

ಎರಡನೇ ಪ್ರತಿ ಮಾಡಲು ಸಮಯವೇ ಇಲ್ಲ ಅಂದರೆ? ಒಬ್ಬರು ಮೆಲ್ಲಗೆ ಪುಟ ತಿರುಗಿಸುವ ವಿಡಿಯೋ ಮಾಡಿ ಪಕ್ಕದಲ್ಲಿ ಹಾಕಬಹುದು, ಕಾಗದದ ಸದ್ದು ಕೇಳುವಂತಿರಲಿ. ಅದು ನನಗೆ ಅಷ್ಟು ಇಷ್ಟವಿಲ್ಲ, ಆದರೂ ಒಂದೇ ಪುಟಕ್ಕಿಂತ ವಾಸಿ. ನನ್ನನ್ನು ಕೇಳಿದರೆ, ದಿನಕ್ಕೆ ಒಂದು ಗಂಟೆ ನೀವೇ ಅಲ್ಲಿ ಕೂತು, ಬಂದವರ ಮುಂದೆ ಮೂಲ ಪ್ರತಿಯನ್ನೇ ತೆರೆದು ತೋರಿಸಿ. ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಎರಡು ಪುಟ ಒಟ್ಟಿಗೆ ಹಾರಿಸುತ್ತಾರೆ ಅಂತ ನೋಡಿ. ಮುಂದಿನ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಪ್ರಶ್ನೆ: ಪುಸ್ತಕದ ಪಕ್ಕ ಇಡುವ ಚೀಟಿಯಲ್ಲಿ ಏನು ಬರೆಯಬೇಕು?

ಹೆಸರು, ವರ್ಷ, ಕಾಗದ ಮತ್ತು ಅಚ್ಚಿನ ವಿಧಾನ, ಹೊಲಿಗೆ, ಎಷ್ಟರಲ್ಲಿ ಎಷ್ಟನೆಯ ಪ್ರತಿ. ಅಳತೆಯನ್ನು ಮುಚ್ಚಿದಾಗ ಎಷ್ಟು, ಪೂರ್ತಿ ಬಿಚ್ಚಿದಾಗ ಎಷ್ಟು ಅಂತ ಎರಡೂ ಕೊಡಿ. ಇದನ್ನು ಪ್ರದರ್ಶನದವರಿಗೂ ಮುಂಚೆಯೇ ತಿಳಿಸಿ, ಇಲ್ಲದಿದ್ದರೆ ಎರಡು ಮೀಟರಿನ ಮಡಿಕೆ ಪುಸ್ತಕಕ್ಕೆ ಒಂದು ಗೇಣಿನ ಮೇಜು ಕೊಡುತ್ತಾರೆ. "ನೆನಪು ಮತ್ತು ಕಾಲದ ಅನ್ವೇಷಣೆ" ಅಂತೆಲ್ಲ ಬರೆಯಬೇಡಿ, ಪುಸ್ತಕವೇ ಹೇಳಲಿ.

ಪ್ರಶ್ನೆ: ಹೊಲಿಯುವಾಗ ಅರ್ಧದಲ್ಲೇ ದಾರ ಮುಗಿದುಹೋಗುತ್ತದೆ. ಎಷ್ಟು ಉದ್ದ ತೆಗೆದುಕೊಳ್ಳಬೇಕು?

ಬೆನ್ನಿನ ಉದ್ದವನ್ನು ಕಟ್ಟುಗಳ ಸಂಖ್ಯೆಯಿಂದ ಗುಣಿಸಿ, ಅದಕ್ಕೆ ಇನ್ನೆರಡು ಬೆನ್ನಿನಷ್ಟು ಸೇರಿಸಿ. 20 ಸೆಂಟಿಮೀಟರ್ ಬೆನ್ನು, 6 ಕಟ್ಟು ಇದ್ದರೆ 160 ಸೆಂಟಿಮೀಟರ್. ಇದಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ತೆಗೆದುಕೊಂಡರೆ ಗಂಟು ಬೀಳುತ್ತದೆ, ದೊಡ್ಡ ಪುಸ್ತಕವಾದರೆ ಮಧ್ಯದಲ್ಲಿ ಇನ್ನೊಂದು ದಾರ ಕಟ್ಟಿಕೊಳ್ಳಿ, ಗಂಟು ಕಟ್ಟಿನ ಒಳಗಡೆಗೆ ಬರಲಿ. ಶುರು ಮಾಡುವ ಮುಂಚೆ ದಾರವನ್ನು ಮೇಣದ ತುಂಡಿನ ಮೇಲೆ ಎರಡು ಸಲ ಎಳೆಯುವುದು ಮರೆಯಬೇಡಿ.